ಬೆರಳು ಅರ್ಧ ಒತ್ತಿದ್ದಾಗ

ಪ್ರೀತಿಯ ಚಿಕ್ಕಮ್ಮ,

ಇವನು ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾನೆಂದರೆ ಮತ್ತೊಂದು ಕೆಲಸ ಬಿಟ್ಟಿರಬೇಕು ಎಂದು ನೀನು ಅಂದುಕೊಳ್ಳುತ್ತೀಯ. ಕೆಲಸ ಬಿಟ್ಟಿಲ್ಲ. ಕ್ಯಾಮೆರಾ ಅಂಗಡಿಯ ಗಾಜಿನ ಕಪಾಟಿನ ಹಿಂದೆ ಕೂತೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಿನ್ನ ದನಿ ಕೇಳಿ ನಾನು ಮೆತ್ತಗಾಗುತ್ತೇನೆ, ಕೊನೆಗೆ "ಊಟ ಆಯ್ತಾ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಇದು ಹಾಗೆ ಮುಗಿಯುವ ಮಾತಲ್ಲ.

ನನಗೆ ನಿನ್ನ ಮೇಲೆ ಅನುಮಾನ ಬಂದಿದೆ. ಬೇರೆಯವರ ಬೆನ್ನ ಹಿಂದೆ ಅನುಮಾನಪಡುವುದು ನನಗೆ ನೀರು ಕುಡಿದಷ್ಟು ಸಲೀಸು. ನಿನ್ನ ಬೆನ್ನ ಹಿಂದೆ ಆಗುತ್ತಿಲ್ಲ. ಅದಕ್ಕೇ ಮುಖಕ್ಕೆ ಬರೆಯುತ್ತಿದ್ದೇನೆ.

ಸೈಕಲ್ ರೇಸಿನಲ್ಲಿ ಬಿದ್ದ ಆ ಹುಡುಗಿಯ ವಿಷಯ. ತಿರುವಿನಲ್ಲಿ ಅವಳ ಸೈಕಲ್ ಗಾಳಿಯಲ್ಲಿ, ಅವಳು ಗಾಳಿಯಲ್ಲಿ, ಪಕ್ಕದಲ್ಲಿ ಉರುಳುತ್ತಿರುವ ಕಬ್ಬಿಣದ ಬ್ಯಾರಿಕೇಡ್. ನಿನ್ನ ಆ ಫೋಟೊ ಪತ್ರಿಕೆಯ ಮೊದಲ ಪುಟದಲ್ಲಿ ಅಷ್ಟಗಲ ಬಂತು. ಅದನ್ನು ನೋಡಿದವರೆಲ್ಲ ಹುಡುಗಿ ಬ್ಯಾರಿಕೇಡಿಗೆ ಹೋಗಿ ಗುದ್ದಿದಳು ಎಂದೇ ನಂಬಿದರು. ಅವಳ ಹಿಂದೆ ಇದ್ದವರೂ ಬಿದ್ದರು. ರೇಸ್ ನಡೆಸಿದ ಸಂಘದವರು ತಪ್ಪನ್ನು ಅವಳ ತಲೆಗೆ ಕಟ್ಟಿದ್ದಾರೆ. ಅಜಾಗರೂಕತೆಯ ಸವಾರಿ ಎಂದು ಅವಳನ್ನು ಎಲ್ಲ ರೇಸುಗಳಿಂದ ಹೊರಗಿಡುವ ಮಾತು ನಡೆದಿದೆ. ನೀನು ಕೊಟ್ಟ ಹೇಳಿಕೆಯೂ ಅವರ ಕೈಯಲ್ಲಿದೆ: "ನಾನು ಸವಾರರನ್ನೇ ನೋಡುತ್ತಿದ್ದೆ. ಅವಳು ಬಿದ್ದಳು, ನಾನು ಒತ್ತಿದೆ. ಅದಕ್ಕೆ ಮೊದಲು ಏನನ್ನೂ ಗಮನಿಸಿಲ್ಲ."

ಆ ಮಾತನ್ನು ನಾನು ನಂಬಿದ್ದೆ, ಚಿಕ್ಕಮ್ಮ. ಕ್ಯಾಮೆರಾ ನಂಬಲು ಬಿಡಲಿಲ್ಲ.

ಆ ಕ್ಯಾಮೆರಾವನ್ನು ನಿನಗೆ ಮಾರಿದವನೂ ನಾನೇ ತಾನೆ. ಅದರ ಮೇಲೂ ನನಗೆ ಮೊದಲಿನಿಂದ ಅನುಮಾನವಿತ್ತು. ಕಂಪನಿಯ ಪ್ರತಿನಿಧಿ ಇಸ್ತ್ರಿ ಅಂಗಿ ಹಾಕಿಕೊಂಡು ಅಂಗಡಿಗೆ ಬಂದು, ಕನ್ನಡಿ ಇರುವ ಕ್ಯಾಮೆರಾಗಳ ಕಾಲ ಮುಗಿಯಿತು ಎಂದು ಹೇಳಿದ ದಿನ ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಒಳಗೆ ಕನ್ನಡಿ ಟಪ್ಪೆಂದು ಮೇಲೇಳುವ ಆ ಕ್ಯಾಮೆರಾಗಳನ್ನು ಇದೇ ಬಾಯಿ ಹೊಗಳಿತ್ತು. ಕನ್ನಡಿ ಅಂದರೆ ಕಣ್ಣಿದ್ದ ಹಾಗೆ ಅಂದಿತ್ತು. ಈಗ ಅದೇ ಕನ್ನಡಿ ಭಾರ, ಸದ್ದು, ದಂಡ. "ಒಂದು ಕಂಪನಿ ಕನ್ನಡಿ ಬಿಟ್ಟಿದ್ರೆ ಬೇರೆ ಮಾತು. ಎಲ್ರಿಗೂ ಒಟ್ಟಿಗೇ ಜ್ಞಾನೋದಯ ಆಯ್ತಾ?" ಎಂದು ಕೇಳಿದೆ. ಅವನು ನಕ್ಕ. ಯಜಮಾನರು ಕಪಾಟಿನ ಕೆಳಗೆ ನನ್ನ ಕಾಲು ತುಳಿದರು. ಅವನು ಹೋದ ಮೇಲೆ, "ಓದು ಬಿಟ್ಟೋನಿಗೆ ಇಷ್ಟು ಪ್ರಶ್ನೆ ಬೇಕಾ? ಮಾರೋದು ನಮ್ಮ ಕೆಲಸ, ಮಾರು" ಅಂದರು.

ಆದರೆ ಪ್ರತಿನಿಧಿ ಹೇಳಿದ್ದು ಸುಳ್ಳಾಗಲಿಲ್ಲ. ಹೊಸ ಮಾದರಿಗಳೆಲ್ಲ ಕನ್ನಡಿ ಇಲ್ಲದವೇ ಬಂದವು. ನಿನ್ನ ಹಳೆಯ ಕ್ಯಾಮೆರಾದ ಶಟರ್ ಕೈಕೊಟ್ಟಾಗ ಹೊಸ ಶಟರ್ ತರಿಸಲು ಕಂಪನಿಗೆ ಪತ್ರದ ಮೇಲೆ ಪತ್ರ ಬರೆದೆವು. ಆ ಬಿಡಿಭಾಗ ಈಗ ಬರುವುದಿಲ್ಲ ಎಂದು ಉತ್ತರ ಬಂತು. ಅತ್ತ ಪತ್ರಿಕೆಯ ಫೋಟೊ ಮುಖ್ಯಸ್ಥರು ನಿನಗೆ ಅಂದ ಮಾತನ್ನು ನೀನೇ ನನ್ನ ಮುಂದೆ ಅವರ ದನಿಯಲ್ಲೇ ಆಡಿ ತೋರಿಸಿದ್ದೆ: "ಹೊಸ ಹುಡುಗ್ರು ಕಣ್ಣು ಮಿಟುಕಿಸೋದ್ರಲ್ಲಿ ಮೂವತ್ತು ತೆಗೀತಾರೆ ಮೇಡಂ. ನಿಮ್ದು ಇನ್ನೂ ಟಪ್ ಟಪ್ ಅಂತಿದೆ. ಮುಂದಿನ ಸಲ ನಿಮ್ಮನ್ನ ಕಳಿಸೋದಾ ಬೇಡ್ವಾ ಅಂತ ಯೋಚಿಸ್ಬೇಕಾಗುತ್ತೆ." ನೀನು ಆಡಿ ತೋರಿಸುತ್ತ ನಕ್ಕೆ. ನಾನು ನಗಲಿಲ್ಲ. ನೀನು ಹೆದರಿದಾಗ ಹೀಗೇ ನಗುವುದು ಎಂದು ನನಗೆ ಗೊತ್ತು.

ಹೊಸ ಕ್ಯಾಮೆರಾಕ್ಕೆ ಮೊದಲ ಸಲ ಕಣ್ಣಿಟ್ಟು ನೀನು ಅಂದದ್ದು ನೆನಪಿದೆಯಾ? "ಇದರೊಳಗೆ ಟಿವಿ ಇದೆ ಕಣೋ. ನಾನು ರಸ್ತೆ ನೋಡ್ತಿದೀನೋ, ರಸ್ತೆಯ ಸಿನಿಮಾ ನೋಡ್ತಿದೀನೋ?" ಒಳ್ಳೆಯ ಪ್ರಶ್ನೆ. ನಾನು ಅದನ್ನು ಬಿಟ್ಟು ಒಂದೊಂದೇ ಸೌಲಭ್ಯ ಹೇಳುತ್ತ ಹೋದೆ. ಸದ್ದು ಬರುವುದಿಲ್ಲ ಎಂದೆ. ಕಣ್ಣನ್ನು ಅದೇ ಹುಡುಕಿ ಹಿಡಿಯುತ್ತದೆ ಎಂದೆ. ಆಮೇಲೆ, ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವ ಮೊದಲಿನ ಸುಮಾರು ಒಂದು ಸೆಕೆಂಡನ್ನೂ ಇದು ಎತ್ತಿಟ್ಟುಕೊಂಡಿರುತ್ತದೆ ಎಂದೆ. ನೀನು ಕೈ ಬೀಸಿದೆ. "ನನಗೆ ಅದೆಲ್ಲ ಪುರಾಣ ಬೇಡ. ಏನೇನು ಹಾಕ್ಬೇಕೋ ಹಾಕಿಕೊಡು." ನಾನು ಅದನ್ನೂ ಹಾಕಿಕೊಟ್ಟೆ.

ಚಿಕ್ಕಮ್ಮ, ಕನ್ನಡಿಯ ಕ್ಯಾಮೆರಾದಲ್ಲಿ ಬದುಕಿಡೀ ದುಡಿದವರಿಗೆ ಬೆರಳು ಒತ್ತುವ ಮೊದಲು ಏನೂ ಇರುವುದಿಲ್ಲ. ಒತ್ತಿದ ಮೇಲೆಯೇ ಫೋಟೊ. ಅದರ ಹಿಂದಿನದಕ್ಕೆ ಸಾಕ್ಷಿಯಿಲ್ಲ. ನೀನು ಹೇಳಿಕೆ ಬರೆದುಕೊಟ್ಟದ್ದು ಆ ಧೈರ್ಯದಲ್ಲೇ ಎಂಬುದು ನನ್ನ ಅನುಮಾನ.

ರೇಸಿನ ದಿನ ಕ್ಯಾಮೆರಾದ ಮೆಮೊರಿ ಕಾರ್ಡ್ ಹಿಡಿದು ಅಂಗಡಿಗೆ ಓಡಿ ಬಂದೆಯಲ್ಲ. ಹೊಸ ಬಗೆಯ ಕಾರ್ಡನ್ನು ಓದುವ ಸಾಧನ ನಿನ್ನ ಬಳಿ ಇರಲಿಲ್ಲ. "ಬಿದ್ದಾಗಿನದು ಒಂದು ನಾಲ್ಕು ತೆಗೆದುಕೊಡು ಸಾಕು" ಅಂದೆ. ಸ್ಟೂಲಿನ ಮೇಲೆ ಕೂತವಳು ನೀರಿನ ಲೋಟ ಹಿಡಿದುಕೊಂಡೇ ಇದ್ದೆ, ಕುಡಿಯಲಿಲ್ಲ. ಆ ಹುಡುಗಿಗಾಗಿ ನೀನು ಮರುಗುತ್ತಿದ್ದೀಯ ಎಂದುಕೊಂಡು ನಾನು ಒಳಗೊಳಗೇ ಹೆಮ್ಮೆಪಟ್ಟೆ. ಕಾರ್ಡ್ ಕೆಟ್ಟರೆ ಇರಲಿ ಎಂದು ಎಲ್ಲವನ್ನೂ ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಂಡು, ನಾಲ್ಕನ್ನು ನಿನಗೆ ಕೊಟ್ಟೆ. ಉಳಿದದ್ದನ್ನು ನೀನು ನೋಡಲಿಲ್ಲ. ಆಗ ನಾನೂ ನೋಡಲಿಲ್ಲ.

ನೋಡುವ ಹಾಗೆ ಮಾಡಿದವಳು ಆ ಹುಡುಗಿಯೇ. ಮೊನ್ನೆ ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ತೋಳಿಟ್ಟುಕೊಂಡು ಅಂಗಡಿಗೆ ಬಂದಳು. ಆ ತಿರುವಿನ ಫೋಟೊ ಬೇರೆ ಯಾರಾದರೂ ತೆಗೆದಿದ್ದಾರೆಯೇ ಎಂದು ಊರಿನ ಎಲ್ಲ ಕ್ಯಾಮೆರಾ ಅಂಗಡಿಗಳನ್ನೂ ಸುತ್ತುತ್ತಿದ್ದಾಳೆ. "ನಾನು ಬ್ಯಾರಿಕೇಡ್ ಹತ್ರ ಹೋಗ್ಲಿಲ್ಲ. ಅದರ ಕಾಲು ರಸ್ತೆಗೆ ಬಂದಿತ್ತು. ಹಾಗಂದ್ರೆ ಎಲ್ರೂ ನಗ್ತಾರೆ. ಬ್ಯಾರಿಕೇಡಿಗೆ ಕಾಲು ಬಂದು ನಡೀತೇನಮ್ಮಾ ಅಂತಾರೆ," ಅಂದಳು. ಅಳಲಿಲ್ಲ. ಹೇಳಿ ಹೇಳಿ ಸವೆದ ಮಾತನ್ನು ಇನ್ನೊಮ್ಮೆ ಹೇಳಿದಳು ಅಷ್ಟೆ. ನೀನು ನನ್ನ ಚಿಕ್ಕಮ್ಮ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ. ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು.

ಅವಳು ಹೋದ ಮೇಲೆ ಎಲ್ಲವನ್ನೂ ತೆರೆದೆ. ಮೊದಲ ಫೋಟೊದಲ್ಲಿ ಹುಡುಗಿಯೇ ಇಲ್ಲ. ಖಾಲಿ ರಸ್ತೆ. ಬ್ಯಾರಿಕೇಡಿನ ಕಾಲು ರಸ್ತೆಯೊಳಕ್ಕೆ ಒಂದು ಮೊಳ ಚಾಚಿದೆ, ಅದರ ನೆರಳೂ ಡಾಂಬರಿನ ಮೇಲೆ ಬಿದ್ದಿದೆ. ಆಮೇಲಿನ ಫೋಟೊಗಳಲ್ಲಿ ಅಂಚಿನಿಂದ ಅವಳ ಮುಂದಿನ ಚಕ್ರ ಬರುತ್ತದೆ, ಆಮೇಲೆ ಅವಳು, ಆಮೇಲೆ ಚಕ್ರ ಕಾಲಿಗೆ ತಾಗುತ್ತದೆ. ಅವಳು ಹೇಳಿದ್ದು ಅಕ್ಷರ ಅಕ್ಷರವೂ ನಿಜ.

ನನಗೆ ಮೊದಲು ಅನುಮಾನ ಬಂದದ್ದು ಯಂತ್ರದ ಮೇಲೆ. ಇದು ತಾನೇ ಊಹಿಸಿ ಬರೆದುಕೊಂಡಿದೆಯೋ ಏನೋ ಎಂದು ಅಂಗಡಿಯಲ್ಲಿದ್ದ ಅದೇ ಮಾದರಿಯನ್ನು ತೆಗೆದು, ಯಜಮಾನರ ಕೈಗೆ ಲೆನ್ಸಿನ ಮುಚ್ಚಳ ಕೊಟ್ಟು ಬೀಳಿಸಿ ಎಂದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದು, ಅದು ನೆಲಕ್ಕೆ ಬಿದ್ದು ಸದ್ದಾದ ಮೇಲೆ ಪೂರ್ತಿ ಒತ್ತಿದೆ. ಫೋಟೊದಲ್ಲಿ ಮುಚ್ಚಳ ಇನ್ನೂ ಗಾಳಿಯಲ್ಲಿತ್ತು. "ಇದೇನೋ, ಕ್ಯಾಮೆರಾನಾ ಜ್ಯೋತಿಷಿನಾ?" ಅಂದರು ಯಜಮಾನರು. "ಜ್ಯೋತಿಷಿ ಮುಂದಿನದು ಹೇಳ್ತಾನೆ. ಇದು ಹಿಂದೆ ಆಗಿದ್ದನ್ನ ಎತ್ತಿಟ್ಕೊಂಡು ಬೇಕಾದಾಗ ತೆಗೆದು ತೋರಿಸುತ್ತೆ" ಎಂದೆ. "ಹಾಗಾದ್ರೆ ನಮ್ಮತ್ತೆ" ಅಂದು ಮುಚ್ಚಳ ಎತ್ತಿಕೊಂಡು ಹೋದರು.

ಯಂತ್ರ ಸರಿಯಾಗಿಯೇ ಇತ್ತು. ಅಂದರೆ ನಿನ್ನ ಬೆರಳು ಗುಂಡಿಯ ಮೇಲೆ ಅರ್ಧ ಒತ್ತಿಯೇ ಇತ್ತು, ಹುಡುಗಿ ಬರುವ ಮೊದಲೇ. ಕಂಪನಿಯವರ ತಂತ್ರಾಂಶದಲ್ಲಿ ತೆರೆದರೆ ಕ್ಯಾಮೆರಾ ಎಲ್ಲಿ ಫೋಕಸ್ ಹಿಡಿದಿತ್ತು ಎಂದು ಒಂದು ಕೆಂಪು ಚೌಕ ತೋರಿಸುತ್ತದೆ. ಅದನ್ನು ತೆರೆಯುವ ಮೊದಲು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಚೌಕ ರಸ್ತೆಯ ಮೇಲಿರಲಿಲ್ಲ, ಸವಾರರು ಬರುವ ಕಡೆಗೂ ಇರಲಿಲ್ಲ. ಬ್ಯಾರಿಕೇಡಿನ ಕಾಲಿನ ಮೇಲೆ ಕೂತಿತ್ತು.

ಶಾಲೆ ಬಿಟ್ಟ ವರ್ಷ, ಮನೆಯಲ್ಲಿ ಎಲ್ಲರೂ ನನ್ನನ್ನು ಎಣ್ಣೆ ತೀರಿದ ದೀಪದ ಹಾಗೆ ನೋಡುತ್ತಿದ್ದಾಗ, ನೀನೊಬ್ಬಳೇ "ಇವನು ಬುಗುರಿ. ನಿಂತ್ರೆ ಬೀಳ್ತಾನೆ, ತಿರುಗ್ಲಿ ಬಿಡಿ" ಅಂದವಳು. ನಿನ್ನ ಕಿಟಕಿಯ ಮುಂದೆ ಕೂರಿಸಿ, ಕಾರ್ಡ್ ಇಲ್ಲದ ಕ್ಯಾಮೆರಾ ಕೊಟ್ಟು, "ಒತ್ತೋದು ಕೊನೇ ಕೆಲಸ. ಏನಾಗುತ್ತೆ ಅಂತ ಮೊದ್ಲು ಕಾಣ್ಬೇಕು" ಅಂದವಳು. ಕಾಣುವುದನ್ನು ನಿನ್ನಷ್ಟು ಚೆನ್ನಾಗಿ ಬಲ್ಲವರನ್ನು ನಾನು ನೋಡಿಲ್ಲ. ಆ ತಿರುವಿನಲ್ಲಿ ನಿಂತು, ಆ ಕಾಲನ್ನು ಕಂಡು, ಮುಂದೆ ಏನಾಗುತ್ತದೆಂದು ನಿನಗೆ ಗೊತ್ತಾಗಲಿಲ್ಲ ಎಂದು ನಾನು ಹೇಗೆ ನಂಬಲಿ?

ಅವತ್ತೇ ಸಾಯಂಕಾಲ ಆ ತಿರುವಿಗೆ ಹೋಗಿದ್ದೆ. ಎದುರಿಗೆ ಕ್ಷೌರದ ಅಂಗಡಿ ಇದೆಯಲ್ಲ, ನೀನು ಯಾರನ್ನಾದರೂ ಎಚ್ಚರಿಸಿದ್ದು ಗೊತ್ತೇ ಎಂದು ಆ ಅಂಗಡಿಯವನನ್ನು ಕೇಳಿದೆ. "ಕ್ಯಾಮೆರಾ ಮೇಡಂ ಅಲ್ವಾ? ಮಂಡಿಯೂರಿ ಕೂತಿದ್ರು. ಅವರು ಕೂಗಿದ್ರಾ ಅಂದ್ರೆ ನಾನೇನು ಹೇಳ್ಲಿ. ಗಿರಾಕಿ ಗಂಟಲ ಮೇಲೆ ಕತ್ತಿ ಇಟ್ಟಿದ್ದೆ. ರೇಸ್ ನೋಡ್ತಾ ನಿಂತಿದ್ರೆ ಇವತ್ತು ನಿಮ್ ಬದ್ಲು ಪೊಲೀಸ್ನೋರು ಬಂದಿರೋರು" ಅಂದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಅವರ ಕಡೆಯವ್ರಾ, ಆ ಹುಡುಗಿ ಕಡೆಯವ್ರಾ?" ಎಂದು ಕೇಳಿದ. ಎರಡೂ ಎಂದೆ. ಅವನಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು, ಮಾತು ನಿಲ್ಲಿಸಿ ಕನ್ನಡಿ ಒರೆಸತೊಡಗಿದ.

ವಾಪಸು ಬಂದು ಮತ್ತೆ ಫೋಟೊಗಳ ಮುಂದೆ ಕೂತೆ. ಏನು ಹುಡುಕಿದೆ ಗೊತ್ತಾ? ನಿನ್ನ ಕೈ. ಎಚ್ಚರಿಸಲು ಎಡಗೈ ಎತ್ತಿದ್ದರೆ ಅದರ ಮಸುಕು ಯಾವುದಾದರೂ ಮೂಲೆಯಲ್ಲಿ ಬಂದಿರಬಹುದು ಎಂಬ ಆಸೆ. ಇಲ್ಲ. ಹುಡುಗಿಯ ಮುಖ ನಿನ್ನ ಕಡೆ ತಿರುಗಿದೆಯೇ ಎಂದು ನೋಡಿದೆ. ಅವಳು ಮುಂದೆ ನೋಡುತ್ತಿದ್ದಾಳೆ. ಆದರೆ ನೀನು ಕೂಗಿದ್ದು ಅವಳಿಗೆ ಕೇಳಿಸದೆಯೂ ಇದ್ದಿರಬಹುದು. ಫೋಟೊಗೆ ಕಿವಿಯಿಲ್ಲ. ಹಿಂದೊಮ್ಮೆ ಸಂತೆ ಬೀದಿಯಲ್ಲಿ ಏಣಿಯಿಂದ ಜಾರುತ್ತಿದ್ದ ಬಣ್ಣ ಬಳಿಯುವವನನ್ನು ಕಂಡು ನೀನು ಕ್ಯಾಮೆರಾ ಕೈಬಿಟ್ಟು ಕಿರುಚಿದ್ದೆ. ಲೆನ್ಸಿನ ಅಂಚು ಜಜ್ಜಿಹೋಗಿ, ಅದನ್ನು ನೇರ ಮಾಡಲು ನನಗೆ ಅರ್ಧ ದಿನ ಹಿಡಿಯಿತು. ಫೋಟೊ ಸಿಗಲಿಲ್ಲ ಎಂದು ನೀನು ಮುಖ್ಯಸ್ಥರಿಂದ ಬೈಸಿಕೊಂಡೆ. ಅವಳೂ ನೀನೇ, ಇವಳೂ ನೀನೇ. ನನಗೆ ಇಬ್ಬರನ್ನೂ ಒಂದು ಮಾಡಲು ಬರುತ್ತಿಲ್ಲ.

ನಿನಗೆ ಆ ಫೋಟೊ ಎಷ್ಟು ಬೇಕಾಗಿತ್ತು ಎಂಬುದು ನನಗೆ ತಿಳಿಯದೆ ಇಲ್ಲ. ಅದು ಬಂದ ಮೇಲೆ ಮುಖ್ಯಸ್ಥರು ನಿನ್ನನ್ನು ಮತ್ತೆ "ನಮ್ಮ ಮೇಡಂ" ಅನ್ನತೊಡಗಿದ್ದೂ ಗೊತ್ತು. ನಿನ್ನನ್ನು ಕೆಟ್ಟವಳು ಎನ್ನಲು ಬರೆಯುತ್ತಿಲ್ಲ. ಆದರೆ ನಿನ್ನ ಕೆಲಸ ಉಳಿಯಿತು, ಅವಳದು ಹೋಗುತ್ತಿದೆ. ಅವಳಿಗೂ ಸೈಕಲ್ ಬಿಟ್ಟರೆ ಬೇರೆ ಏನೂ ಬರುವುದಿಲ್ಲ, ನಿನಗೆ ಕ್ಯಾಮೆರಾ ಇದ್ದ ಹಾಗೆ.

ನಾಳೆ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ವಿಚಾರಣೆ. ಎಲ್ಲ ಫೋಟೊಗಳನ್ನೂ ತೆಗೆದುಕೊಂಡು ನಾನು ಹೋಗುತ್ತೇನೆ. ನಿನಗೆ ಹೇಳದೆ ಹೋಗುವುದು ನನ್ನಿಂದ ಆಗಲಿಲ್ಲ, ಹೋಗದೆ ಇರುವುದೂ ಆಗುವುದಿಲ್ಲ. ಕಾರ್ಯದರ್ಶಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗಲೇ ಅವರು, "ಬೀಳೋದಕ್ಕೆ ಮೊದ್ಲೇ ಬೀಳೋ ಜಾಗದ ಫೋಟೊ ಯಾರಪ್ಪ ತೆಗೀತಾರೆ? ಇದೆಲ್ಲ ಕಂಪ್ಯೂಟರ್ ಕೈಚಳಕ. ನೀನು ಆ ಹುಡುಗಿಗೆ ಏನಾಗ್ಬೇಕು?" ಎಂದರು. ಬ್ಯಾರಿಕೇಡ್ ನಿಲ್ಲಿಸಿದವರು ಅವರೇ ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸೌಲಭ್ಯ ಹೇಗೆ ಕೆಲಸ ಮಾಡುತ್ತದೆಂದು ನಾನು ತೋರಿಸಬಲ್ಲೆ. ಆದರೆ ಅವರು ಕೇಳುವುದು ಅದನ್ನಲ್ಲ. ಖಾಲಿ ರಸ್ತೆಯಲ್ಲಿ ಕಬ್ಬಿಣದ ಕಾಲಿಗೆ ಯಾರು ಯಾಕೆ ಗುರಿಯಿಟ್ಟಿದ್ದರು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ನನ್ನ ಬಳಿ ಇಲ್ಲ. "ಕಾಲು ರಸ್ತೆಗೆ ಬಂದಿತ್ತು, ನಾನು ಕಂಡೆ, ಅದಕ್ಕೇ ಗುರಿಯಿಟ್ಟೆ" ಎಂದು ನೀನು ಹೇಳಿದರೆ ಮಾತ್ರ ಈ ಫೋಟೊಗಳು ಫೋಟೊಗಳಾಗುತ್ತವೆ. ಇಲ್ಲವಾದರೆ ಅವು ನನ್ನ ಕೈಚಳಕವಾಗಿಯೇ ಉಳಿಯುತ್ತವೆ, ಹುಡುಗಿ ಮನೆಗೆ ಹೋಗುತ್ತಾಳೆ.

ಅಷ್ಟು ಹೇಳಿದರೆ ಮುಂದಿನ ಪ್ರಶ್ನೆ ಏನು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅವರು ಕೇಳುವ ಮೊದಲು ನಾನೇ ಕೇಳುತ್ತೇನೆ. ಹೊರಗಿನವರ ಬಾಯಿಂದ ನೀನು ಅದನ್ನು ಮೊದಲ ಸಲ ಕೇಳುವುದು ಬೇಡ.

ಕೂಗಿದೆಯಾ, ಚಿಕ್ಕಮ್ಮ?

ಕೂಗಿದ್ದರೆ ಬಂದು ನನ್ನ ಕೆನ್ನೆಗೆ ಎರಡು ಬಿಗಿ, ಇಷ್ಟುದ್ದ ಬರೆದದ್ದಕ್ಕೆ. ಕೂಗಿಲ್ಲದಿದ್ದರೆ ಕೂಗಲಿಲ್ಲ ಎಂದೇ ಹೇಳು. ಎಲ್ಲರೂ ನಿನ್ನನ್ನು ಒಂದು ಥರ ನೋಡುತ್ತಾರೆ. ನೋಡಲಿ. ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಯಾವ ಶಾಲೆಯಲ್ಲೂ ಯಾವ ಕೆಲಸದಲ್ಲೂ ಕೂರಲಾಗದವನು ಕೊಡುತ್ತಿರುವ ಮಾತು ಇದು, ಸುಮ್ಮನೆ ಕೊಟ್ಟದ್ದಲ್ಲ. ನನಗೆ ಭಯವಿರುವುದು ಒಂದೇ ಉತ್ತರದ ಬಗ್ಗೆ. ನೀನು ನನ್ನ ಕಣ್ಣು ತಪ್ಪಿಸಿ ಮತ್ತೆ "ನಾನು ಏನೂ ನೋಡಿಲ್ಲ" ಅಂದರೆ, ಆಮೇಲೆ ನೀನು ಕಲಿಸಿದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಇದನ್ನು ನಿನ್ನ ಬಾಗಿಲ ಕೆಳಗೆ ತಳ್ಳಿ ಹೋಗುತ್ತೇನೆ. ಬಾಗಿಲು ತಟ್ಟುವುದಿಲ್ಲ. ಬೆಳಿಗ್ಗೆ ಸಂಘದ ಕಚೇರಿಯ ಮೆಟ್ಟಿಲ ಹತ್ತಿರ ನಿನಗಾಗಿ ಕಾಯುತ್ತೇನೆ, ಅವರು ಕರೆಯುವವರೆಗೂ ಒಳಗೆ ಹೋಗುವುದಿಲ್ಲ.

ನಿನ್ನ ಕಣ್ಣು ನೂರು ವರ್ಷ ಹೀಗೇ ಚುರುಕಾಗಿರಲಿ. ನಾಳೆ ಒಂದು ದಿನ ಬಾಯಿಗೂ ಅಷ್ಟೇ ಬಲ ಬರಲಿ.

ಇಂತು,
ಅನುಮಾನವನ್ನೂ ಪ್ರೀತಿಯನ್ನೂ ಬಚ್ಚಿಡಲು ಬಾರದ
ನಿನ್ನ ಅಕ್ಕನ ಮಗ