ಮಂಡಿಯ ಹಿಂದೆ

ಲುಂಡ್
ಜೂನ್ ೨೪

ಪ್ರೀತಿಯ ನಳಿನಿ,

ಹೊರಡುವ ದಿನ ನೀನು ಕೇಳಿದ್ದು “ಮಗಳ ಮೈ ಸರಿಯಾಗಿ ಚೆಕ್ ಮಾಡಿದ್ರಾ?” ಎಂದಿರಬೇಕು. ನೀನು ಸೂಟ್‌ಕೇಸಿನ ಮೇಲೆ ಕುಳಿತು ಜಿಪ್ ಎಳೆಯುತ್ತಿದ್ದೆ. ನಾನು ಹೂಂ ಎಂದೆ. ಇರಲಿ. ಪ್ರಯಾಣದ ಆಯಾಸ ಕಳೆಯಿತೆ? ಅತ್ತೆಯವರ ಕೆಮ್ಮು ಹೇಗಿದೆ? ನೈನಾ ಅಜ್ಜಿಗೂ ಸ್ವೀಡಿಶ್‌ನಲ್ಲೇ ಉತ್ತರ ಕೊಡುತ್ತಿದ್ದಾಳಾ?

ಇಲ್ಲಿ ಎಲ್ಲರೂ ರಜೆಗೆ ಹೋಗಿದ್ದಾರೆ. ಲ್ಯಾಬಿನಲ್ಲಿ ನಾನು ಮತ್ತು ಉಣುಗುಗಳು. ಹದಿನಾರು ವರ್ಷದಿಂದ ಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೆದು ಅವನ್ನು ಹಿಡಿಯುತ್ತಿದ್ದೇನೆ. ನಿನಗೆ ಅವುಗಳ ಬಗ್ಗೆ ಕೂತು ಹೇಳಿದ್ದೇ ಇಲ್ಲ. ಕಣ್ಣಿಲ್ಲ. ಹುಲ್ಲಿನ ತುದಿಗೆ ಹತ್ತಿ, ಮುಂಗಾಲು ಚಾಚಿ, ದಿನಗಟ್ಟಲೆ ಕಾಯುತ್ತದೆ. ಆ ಕಾಲಿನಲ್ಲೇ ಮೂಗು. ಹತ್ತಿರ ಬಂದವರ ಉಸಿರು, ಮೈಯ ಬಿಸಿ ತಿಳಿಯುತ್ತದೆ. ಜಿಗಿಯುವುದಿಲ್ಲ, ಹಾದುಹೋಗುವವರಿಗೆ ಅಂಟಿಕೊಳ್ಳುತ್ತದೆ, ಅಷ್ಟೆ. ಆಮೇಲೆ ಮೆತ್ತಗಿನ ಚರ್ಮ ಹುಡುಕುತ್ತ ನಿಧಾನವಾಗಿ ನಡೆಯುತ್ತದೆ. ಅದರ ಜೊಲ್ಲಿಗೆ ಚರ್ಮ ಮರಗಟ್ಟುವುದರಿಂದ ಕಚ್ಚಿದ್ದು ಗೊತ್ತಾಗುವುದಿಲ್ಲ. ಹೊಟ್ಟೆಯಲ್ಲಿ ರೋಗಾಣು ಇದ್ದರೂ ಅದು ಬಾಯಿಯವರೆಗೆ ಬರಲು ಸಾಮಾನ್ಯವಾಗಿ ಒಂದು ದಿನವಾದರೂ ಬೇಕು. ಅದೇ ಸಂಜೆ ಮೈ ನೋಡಿ ಕಿತ್ತುಬಿಟ್ಟರೆ ಅಷ್ಟು ಹೆದರಬೇಕಿಲ್ಲ. ಪ್ರತಿ ಬೇಸಿಗೆ ಡಾಗಿಸ್ ಶಿಶುವಿಹಾರಕ್ಕೆ ಹೋಗಿ ಮಕ್ಕಳ ತಂದೆತಾಯಿಗೆ ಇದನ್ನು ಹೇಳಿಬರುವವನು ನಾನೇ.

ನೈನಾಳನ್ನು ನನ್ನ ಜೊತೆ ಹುಲ್ಲುಗಾವಲಿಗೆ ಕರೆದೊಯ್ದ ಬುಧವಾರ ಸಂಜೆ ನಾನು ಅವಳ ಮೈ ನೋಡಲಿಲ್ಲ. ಶುಕ್ರವಾರ, ನೀವು ಹೊರಡುವ ಬೆಳಿಗ್ಗೆ, ಸಾಕ್ಸ್ ಹಾಕುವಾಗ ಎಡಮಂಡಿಯ ಹಿಂದೆ ಕಂಡಿತು. ಸಾಸಿವೆಯಷ್ಟು ಊದಿತ್ತು. ಚಿಮುಟದಿಂದ ಕಿತ್ತು ಸೀಸೆಗೆ ಹಾಕಿದೆ. ಊತ ನೋಡಿ ನಲವತ್ತು ಗಂಟೆಯಾಗಿದೆ ಎಂದು ಅಂದಾಜು ಮಾಡಿದೆ. ನಿನಗೆ ಹೇಳಲಿಲ್ಲ. ನಿನ್ನೆ ಪರೀಕ್ಷಿಸಿದೆ. ಅದರಲ್ಲಿ ರೋಗಾಣು ಇದೆ. ಅವಳಿಗೂ ಬಂದಿದೆ ಎಂದಲ್ಲ. ಆದರೆ ಆ ಜಾಗದ ಸುತ್ತ ಕೆಂಪು ಹರಡುವುದಿದ್ದರೆ ಈ ದಿನಗಳಲ್ಲೇ. ಅತ್ತೆಯವರು ಹುಳುಕಡ್ಡಿ ಎಂದು ಮುಲಾಮು ಹಚ್ಚಿಬಿಡುತ್ತಾರೆ. ದಾವಣಗೆರೆಯ ಡಾಕ್ಟರೂ ಹಾಗೇ ಅಂದಾರು. ಅವರಿಗೆ ಈ ಪತ್ರವನ್ನೂ ಜೊತೆಗಿಟ್ಟ ಪರೀಕ್ಷೆಯ ವರದಿಯನ್ನೂ ತೋರಿಸು. ಬೇಗ ಮಾತ್ರೆ ಶುರುವಾದರೆ ವಾಸಿಯಾಗುತ್ತದೆ. ಫೋನಿನಲ್ಲಿ ಮೂರು ಸಲ ಹೇಳಹೊರಟು, ನಿನ್ನ ಅಣ್ಣನ ಗೃಹಪ್ರವೇಶದ ಗದ್ದಲ ಕೇಳಿಸಿ, ಮಳೆ ಬಂತಾ ಎಂದು ವಿಚಾರಿಸಿ ಇಟ್ಟೆ. ಅದಕ್ಕೇ ಇದನ್ನು ಬರೆದು ಈಗಲೇ ಇಮೇಲ್ ಮಾಡುತ್ತಿದ್ದೇನೆ.

ಅತ್ತೆಯವರಿಗೆ ನಮಸ್ಕಾರ. ನಿನ್ನ ಬೈಗುಳಕ್ಕೆ ಕಾಯುತ್ತಿರುವ,
ಗಂಗಾಧರ

ತಾ.ಕ.: ಕಿತ್ತದ್ದು ನೈನಾಗೆ ಗೊತ್ತು. “ಅಮ್ಮಂಗೆ ಹೇಳ್ಬೇಡ ಪುಟ್ಟಿ, ಬೇಜಾರು ಮಾಡ್ಕೋತಾಳೆ” ಅಂದಿದ್ದೆ. ನಿನ್ನೆ ವಿಡಿಯೋ ಕಾಲಿನಲ್ಲಿ ನಾನೇ ಕೇಳಿದಾಗಲೂ ಏನೂ ಇಲ್ಲ ಎಂದಳು, ಫ್ರಾಕನ್ನು ಮಂಡಿಯ ಕೆಳಗೆ ಎಳೆದುಕೊಳ್ಳುತ್ತ. ನೀನು ಕೇಳಿದರೂ ಅದನ್ನೇ ಹೇಳುತ್ತಾಳೆ. ಅವಳಿಂದ ಇನ್ನೊಂದು ಸುಳ್ಳು ಹೇಳಿಸದೆ, ಏನೂ ಕೇಳದೆ, ಇವತ್ತೇ ಸ್ನಾನ ಮಾಡಿಸುವಾಗ ನೋಡಿಬಿಡುತ್ತೀಯಾ?