ಮೆತ್ತಗೆ ಒದೆಯುವ ಮದ್ದು

ವಿನಿಫ್ರೆಡ್, ಮೊಂಟಾನಾ
ಜುಲೈ ೧೯

ತಮ್ಮ ಹಾರ್ಲನ್‌ಗೆ,

ಕಾಗದ ಬರೆಯುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಎಂಟನೇ ಕ್ಲಾಸಿಗೇ ಶಾಲೆ ಬಿಡಿಸಿ, ಕೊಯ್ಲಿನ ಆಳುಗಳಿಗೆ ಬೇಯಿಸಿ ಹಾಕು ಎಂದು ಒಲೆಯ ಮುಂದೆ ನಿಲ್ಲಿಸಿದರು. ಸೌಟು ಹಿಡಿದ ಕೈಗೆ ಪೆನ್ನು ಹಿಡಿಸಿದವನು ನೀನು. ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ. ಕೊನೆಗೆ ನನ್ನ ಮಗಳು ಜೋಲೀನಳೇ ಹೇಳಿದಳು: "ಅಮ್ಮಾ, ನಿನ್ನ ನಂಬರ್ ಕಂಡ್ರೆ ಮಾವ ಫೋನು ಕವುಚಿ ಹಾಕಿ ಟಿವಿ ಜೋರು ಮಾಡ್ತಾರಂತೆ. ಕಾಗದ ಬರಿ. ಕಾಗದಾನ ಎಷ್ಟು ದಿನ ಅಂತ ಒಡೀದೆ ಇಟ್ಕೋತಾರೆ?"

ಹೇಗಿದ್ದೀಯ? ಮೊಣಕಾಲು ಸರಿ ಇದೆ ತಾನೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಆಲಿಕಲ್ಲು ಈ ವರ್ಷ ನಮ್ಮ ಗೋಧಿಯನ್ನು ಬಿಟ್ಟು ಆಚೆಯವರದ್ದನ್ನು ಹೊಡೆಯಿತು.

ಕಾಡು ಟಗರಿನ ಬೇಟೆಯ ಪರವಾನಗಿ ನನಗೆ ಬಂದ ಸುದ್ದಿ ನಾನೇ ನಿನಗೆ ಮೊದಲು ಹೇಳಬೇಕಿತ್ತು. ನೀನು ಮೈಲ್ಸ್ ಸಿಟಿಯ ಕ್ಷೌರದಂಗಡಿಯಲ್ಲಿ, ಮುಖದ ತುಂಬ ನೊರೆ ಇಟ್ಟುಕೊಂಡು, ಬೇರೆ ಯಾರ ಬಾಯಲ್ಲೋ ಕೇಳಬೇಕಾಯಿತು. ತಪ್ಪು ನನ್ನದೇ. ಇದಕ್ಕಿಂತ ಹೆಚ್ಚು ಕ್ಷಮೆ ಕೇಳುವ ಜಾತಿ ನಾನಲ್ಲ. ಆದರೆ ನಮ್ಮಿಬ್ಬರ ತಲೆಯೂ ಕಪ್ಪಗಿದ್ದ ಕಾಲದಿಂದ ಪ್ರತಿ ವಸಂತದಲ್ಲೂ ಹೆಸರು ಹಾಕುತ್ತ ಬಂದು, ಪ್ರತಿ ಜೂನಿನಲ್ಲೂ "ಇಲ್ಲ" ಅನ್ನಿಸಿಕೊಂಡು ಬಂದವರಲ್ಲವೇನೋ? ಈ ಸಲ ನನ್ನ ಚೀಟಿ ಎದ್ದಿತು. ಅದಕ್ಕೆ ನಿನ್ನ ಮುಖ ಏಕೆ ಸುಟ್ಟ ಬದನೆಕಾಯಿ ಆಗಬೇಕು? ಚೀಟಿ ಎತ್ತಿದ್ದು ಸರ್ಕಾರದ ಕಂಪ್ಯೂಟರು. ನಾನೇನು ಅದಕ್ಕೆ ಕಡುಬು ಮಾಡಿ ಕೊಟ್ಟಿದ್ದೆನೆ?

ಇರಲಿ. ನಾನು ಬರೆಯಲು ಕೂತದ್ದು ಜಗಳಕ್ಕಲ್ಲ. ಹಾರ್ಲನ್, ಮದ್ದು ಸಿಕ್ಕಿತು! ನನ್ನ ಕೋವಿಗೆ ಹೊಂದುವ ಮದ್ದು ಸಿಕ್ಕಿತು ಕಣೋ! ಇದನ್ನು ಯಾರಿಗೆ ಹೇಳಲಿ? ಜೋಲೀನಳಿಗೆ ಹೇಳಿದರೆ "ಒಳ್ಳೇದಾಯ್ತಮ್ಮ" ಎಂದು ಪಾತ್ರೆ ತೊಳೆಯುತ್ತಾಳೆ. ಇದರ ರುಚಿ ಗೊತ್ತಿರುವವನು ನೀನೊಬ್ಬನೇ.

ನಾವಿಬ್ಬರೂ ಇಷ್ಟು ವರ್ಷ ಮನೆಯಲ್ಲೇ ತೋಟಾಗಳಿಗೆ ತುಂಬುತ್ತಿದ್ದ, ನಿಧಾನ ಉರಿಯುವ ಆ ಮದ್ದು ನಿನಗೆ ನೆನಪಿದೆಯಲ್ಲ. ತೋಟಾದ ಕತ್ತಿನವರೆಗೂ ಸುರಿಯಬೇಕು. ಗುಂಡು ಹಾರುವುದೇನೋ ಗಿಡುಗನ ಹಾಗೆ, ಆದರೆ ಒದೆತ ಹೇಸರಗತ್ತೆಯದು. ಆ ಒದೆತ ನನಗೆ ಇನ್ನು ಬೇಡ. ಭುಜ ಹಳೆಯದಾಯಿತು ಎಂದುಕೋ. "ಅಂಗಡೀಲಿ ಸಿದ್ಧ ತೋಟಾ ಸಿಗುತ್ತಲ್ಲಮ್ಮ, ಅದನ್ನೇ ತಗೋ" ಎಂದಳು ಜೋಲೀನ್. ಅದು ಊರಿನವರೆಲ್ಲರ ಭುಜಕ್ಕೆ ಹೊಲಿದ ಅಂಗಿ. ನನಗೆ ನನ್ನ ಅಳತೆಯದು ಬೇಕಿತ್ತು: ಟಗರು ಒಂದೇ ಏಟಿಗೆ ನೋವಿಲ್ಲದೆ ಬೀಳಬೇಕು, ನನಗೆ ಮಾತ್ರ ಕರು ಮೂತಿಯಿಂದ ತಿವಿದಷ್ಟೇ ಆಗಬೇಕು.

ಹಳೇ ಮದ್ದನ್ನೇ ಅರ್ಧ ತುಂಬಿದರಾಯಿತು ಎಂದ ನಮ್ಮ ಡ್ವೈಟ್ ಎಕ್ಲಂಡ್. ಅದೇ, ಟಪಾಲು ಹಂಚುತ್ತಿದ್ದವನು. ಈಗ ಕೆಲಸವಿಲ್ಲದೆ ನಮ್ಮ ಮನೆಯಲ್ಲೇ ಕಾಫಿ ಕುಡಿಯುತ್ತಾನೆ. ನಿಧಾನದ ಮದ್ದನ್ನು ಅರ್ಧ ತುಂಬಿದರೆ ಅದು ತೋಟಾದೊಳಗೆ ಅಂಗಾತ ಮಲಗುತ್ತದೆ. ಆಮೇಲೆ ಯಾವಾಗ, ಹೇಗೆ ಏಳುತ್ತದೋ ದೇವರಿಗೇ ಗೊತ್ತು. ನಾನು ಒಲೆಯ ಮುಂದೆ ಬೆಳೆದವಳು. ದಪ್ಪ ಕೊರಡು ಬೇಕಾದ ಕಡೆ ಅರ್ಧ ಕೊರಡು ಇಟ್ಟರೆ ಒಲೆ ಹತ್ತುವುದಿಲ್ಲ, ಹೊಗೆಯಾಡಿ ಒಮ್ಮೆಲೇ ಭಗ್ಗೆಂದು ಮುಖಕ್ಕೆ ಬರುತ್ತದೆ. ಸಣ್ಣ ಉರಿ ಬೇಕಾದರೆ ಸೌದೆಯನ್ನೇ ಬದಲಿಸಬೇಕು. ಬೇಗ ಉರಿಯುವುದಾದರೆ ಕಡಿಮೆ ಸಾಕು. ಕಡಿಮೆ ಮದ್ದು ಎಂದರೆ ಕೊಳವೆಯ ಬಾಯಿಂದ ನುಗ್ಗುವ ಗಾಳಿಯೂ ಕಡಿಮೆ, ಒದೆತವೂ ಕಡಿಮೆ.

ಅದಕ್ಕೇ ಲೂಯಿಸ್‌ಟೌನಿಗೆ ಹೋದೆ. ಕೋವಿ ಅಂಗಡಿಯ ಗಡ್ಡದವನ ಹಿಂದೆ ಮದ್ದುಗಳ ಉರಿವೇಗದ ಪಟ್ಟಿ ನೇತುಹಾಕಿತ್ತು. ಎಲ್ಲಕ್ಕಿಂತ ಬಿರುಸಿನದು ಮೇಲೆ, ಎಲ್ಲಕ್ಕಿಂತ ನಿಧಾನದ್ದು ಬುಡದಲ್ಲಿ. ನಾನು ಕೇಳಿದ ಮದ್ದು ಅವನಲ್ಲಿ ಇರಲಿಲ್ಲ.

"ಇದನ್ನ ತಗೊಳ್ಳಿ ಅಜ್ಜಿ. ಪಟ್ಟೀಲಿ ನೋಡಿ, ನೀವು ಕೇಳಿದ್ದರ ಪಕ್ಕದ ಮನೇದು. ಅದರ ತೂಕಾನೇ ಇದಕ್ಕೂ ಹಾಕಿ, ಏನೂ ಆಗಲ್ಲ."

"ಪಕ್ಕದ ಮನೆಯವನು ಅಂತ ನಿನ್ನ ಹೆಂಡತಿ ಅವನನ್ನ ನಿನ್ನ ಜಾಗದಲ್ಲಿ ಮಲಗಿಸ್ತಾಳೇನಯ್ಯ?" ಎಂದೆ.

ಹಿಂದೆ ನಿಂತಿದ್ದ ಗಿರಾಕಿಗಳು ಗೊಳ್ಳೆಂದರು. ನೀನೇ ಹೇಳು, ತಪ್ಪೇನು ಹೇಳಿದೆ? ಪಟ್ಟಿ ಎಂದರೆ ಕುದುರೆ ಪಂದ್ಯ ಮುಗಿದ ಮೇಲಿನ ಹೆಸರುಗಳು. ಯಾವುದು ಮುಂದೆ, ಯಾವುದು ಹಿಂದೆ ಎಂದಷ್ಟೇ ತಿಳಿಯುತ್ತದೆ. ಮೂಗಿನಷ್ಟು ಮುಂದಿತ್ತೋ ಮೈದಾನದಷ್ಟು ಮುಂದಿತ್ತೋ ಅದರಲ್ಲಿ ಬರೆದಿರುವುದಿಲ್ಲ. ಅದನ್ನು ನಂಬಿ ಅಳತೆ ಹಾಕಿದವರ ಕೋವಿ ಬಿರಿದದ್ದನ್ನು ನಾವಿಬ್ಬರೂ ಕಂಡಿಲ್ಲವೆ? ನಾನು ಅಲ್ಲೇ ನಿಂತು, ಪ್ರತಿ ಮದ್ದಿಗೂ ಬೇರೆ ಬೇರೆ ಅಳತೆ ಕೊಟ್ಟಿರುವ ಕೈಪಿಡಿಯನ್ನು ಈಸಿಕೊಂಡು, ನನ್ನ ಕೋವಿಗೂ ನನ್ನ ಗುಂಡಿಗೂ ಯಾವುದು ಮೆತ್ತನೆಯದು ಎಂದು ಬೆರಳಿಟ್ಟು ಹುಡುಕಿದೆ. ಎರಡು ಬಗೆಯ ಮದ್ದು, ಒಂದೊಂದು ಡಬ್ಬಿ ಆರಿಸಿದೆ. ಗಡ್ಡದವನು ತಾನೇ ಅವನ್ನು ಟ್ರಕ್ಕಿನವರೆಗೆ ಹೊತ್ತು ತಂದ.

ಆಮೇಲೆ ಡ್ವೈಟನ ಘನಕಾರ್ಯ ಕೇಳು. ತುಂಬುವ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಎನ್ನುವುದು ನಮ್ಮ ಶೆಡ್ಡಿನ ಕಟ್ಟಳೆ. ಅವತ್ತು ನಾನು ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಈ ಮಹಾರಾಯ "ಸ್ವಲ್ಪ ಓರಣ ಮಾಡಿಕೊಡೋಣ" ಎಂದು, ಅಳೆಯುವ ಗಾಜಿನ ಕೊಳವೆಯಲ್ಲಿ ಉಳಿದಿದ್ದ ಮೊದಲ ಮದ್ದನ್ನು ಎರಡನೆಯ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ನಗುತ್ತ ಕೂತಿದ್ದಾನೆ!

"ಎರಡೂ ಕರಿ ಕಡ್ಡಿ ಚೂರೇ ಅಲ್ವೇ ಆರ್ಲಿಸ್? ಒಂದೇ ಥರ ಕಾಣ್ತಿತ್ತಪ್ಪ."

"ಉಪ್ಪೂ ಸಕ್ಕರೇನೂ ಒಂದೇ ಥರ ಕಾಣ್ತವೆ. ಸುರೀಲಾ ಕಾಫಿಗೆ?"

"ಜರಡಿ ಹಿಡಿದ್ರೆ..."

"ನಿನ್ನ ತಲೇನ ಹಿಡೀತೀನಿ ಜರಡಿಗೆ!"

ಬೆರೆತ ಮದ್ದನ್ನು ಬೇರೆ ಮಾಡಲು ಬ್ರಹ್ಮನಿಂದಲೂ ಆಗದು. ಅಷ್ಟನ್ನೂ ಹಿತ್ತಿಲಲ್ಲಿ ಹುಳಿ ದಂಟಿನ ರುಬಾರ್ಬ್ ಪಾತಿಗೆ ಗೊಬ್ಬರದ ಹಾಗೆ ತೆಳ್ಳಗೆ ಎರಚಿದೆ. ಅದು ಸೊಕ್ಕಿ ಕೊಡೆಯಷ್ಟಗಲ ಎಲೆ ಬಿಟ್ಟಿದೆ. ಜೋಲೀನ್ ಈ ವರ್ಷ ಅದರ ಕಡುಬನ್ನು ಮುಟ್ಟುವುದಿಲ್ಲವಂತೆ. ಡ್ವೈಟ್ ಲೂಯಿಸ್‌ಟೌನಿಗೆ ಹೋಗಿ ಹೊಸ ಡಬ್ಬಿ ತಂದ. ಬೈಸಿಕೊಂಡರೂ ಮಾರನೆಯ ದಿನ ಬರುವವನು ಒಳ್ಳೆಯವನೇ ಇರಬೇಕು. ನಿನ್ನ ಹಾಗಲ್ಲ.

ಸೆಪ್ಟೆಂಬರಿನ ಬೆಳಗ್ಗೆ ಬೇಟೆಯ ಜಾಗದಲ್ಲಿ ಮಂಜು ಕಟ್ಟಿರುತ್ತದೆ, ಚಳಿಗೆ ಕೆಲವು ಮದ್ದು ಸೋಮಾರಿ ಬೀಳುತ್ತವೆ. ಅದಕ್ಕೆ ಎರಡೂ ಬಗೆಯ ತೋಟಾಗಳಲ್ಲಿ ಅರ್ಧರ್ಧವನ್ನು ಹಾಲಿನ ಡಬ್ಬಿಗಳಲ್ಲಿ ಹಾಕಿ ಫ್ರೀಜರಿನಲ್ಲಿಟ್ಟೆ. ಜೋಲೀನ್ ಬಟಾಣಿ ಎಂದು ತೆಗೆದು ಬಾಣಲೆಯ ಹತ್ತಿರ ಹೋದಳು ನೋಡು, ನನ್ನ ಜೀವ ಬಾಯಿಗೆ ಬಂತು! "ಇದು ಅಡುಗೆಮನೆಯೋ ಸೈನ್ಯದ ಉಗ್ರಾಣವೋ!" ಎಂದು ಕಿರುಚಿದಳು. ಅವಳು ಅಷ್ಟು ಕಿರುಚಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಶನಿವಾರ ಗುರಿ ಹೊಡೆದು ನೋಡಲು ಜಲ್ಲಿ ಅಗೆದ ಹಳ್ಳಕ್ಕೆ ಹೋದೆವು. ಡ್ವೈಟ್ ತನ್ನ ವೇಗ ಅಳೆಯುವ ಯಂತ್ರ ಇಟ್ಟ. ಹೆಚ್ಚಿನವನ್ನು ಅವನೇ ಹೊಡೆದ, ನಾನು ಪಕ್ಕದಲ್ಲಿ ಕೂತು ಅವನ ಭುಜ ನೋಡುತ್ತಿದ್ದೆ. ಮೊದಲನೆಯ ಮದ್ದು ಬಿಸಿಲಲ್ಲಿ ಚೆನ್ನಾಗಿಯೇ ಓಡಿತು, ಫ್ರೀಜರಿನದು ಮಾತ್ರ ಕುಂಟಿತು, ರಂಧ್ರಗಳು ಗುರಿಯ ಕಾಗದದ ತುಂಬ ಚೆಲ್ಲಾಪಿಲ್ಲಿ. ಎರಡನೆಯದು, ಅದೇ ಡ್ವೈಟ್ ಕೆಡಿಸಿ ಮತ್ತೆ ತಂದದ್ದು, ಹಾರ್ಲನ್, ಬಿಸಿಲಿಗೂ ಜಗ್ಗಲಿಲ್ಲ, ಹಿಮಕ್ಕೂ ಜಗ್ಗಲಿಲ್ಲ! ಯಂತ್ರದ ಅಂಕಿ ಅಲ್ಲಾಡಲಿಲ್ಲ. "ಆರ್ಲಿಸ್, ಇದು ಒದೆಯೋದಲ್ಲ, ತಟ್ಟೋದು," ಎಂದ ಡ್ವೈಟ್. ಆಗ ನಾನು ಕೋವಿ ಈಸಿಕೊಂಡು ಮೂರು ಹೊಡೆದೆ. ಕಾಗದದ ಹತ್ತಿರ ಹೋಗಿ ನೋಡಿದರೆ ಮೂರೂ ರಂಧ್ರ ಒಂದಕ್ಕೊಂದು ಅಂಟಿಕೊಂಡಿವೆ, ಮೂರೆಸಳಿನ ಕ್ಲೋವರ್ ಎಲೆಯ ಹಾಗೆ. ನಾನು ಅಲ್ಲೇ ಕುಣಿದೆ. ಡ್ವೈಟನ ಟೋಪಿ ಕಿತ್ತು ಆಕಾಶಕ್ಕೆ ಎಸೆದೆ. ಅದು ಹೋಗಿ ಕೆಸರಿಗೆ ಬಿತ್ತು.

ಈಗ ಒಂದೇ ತೊಡಕು. ಮೆತ್ತಗೆ ಒದೆಯುವ ತೋಟಾ ಮೆತ್ತಗೇ ಹಾರುತ್ತದೆ. ಇನ್ನೂರು ಗಜದ ಒಳಗಾದರೆ ಟಗರಿಗೆ ಒಂದೇ ಏಟು ಸಾಕು. ಅದರಾಚೆ ಹೊಡೆದರೆ ಗಾಯವಾಗಿ ಓಡುತ್ತದೆ, ಅಂಥ ಪಾಪದ ಕೆಲಸ ನಾನು ಮಾಡುವವಳಲ್ಲ. ಮಿಸೌರಿ ನದಿಯ ಆ ಕೊರಕಲುಗಳಲ್ಲಿ ಟಗರಿಗೆ ವಾಸನೆ ಬಾರದ ಹಾಗೆ ಅಷ್ಟು ಹತ್ತಿರ ಕರೆದುಕೊಂಡು ಹೋಗಬಲ್ಲವನು ಒಬ್ಬನೇ. ಜೀವಮಾನವೆಲ್ಲ ಅಲ್ಲಿ ಬೇಲಿ ಕಟ್ಟಿದವನು, ಯಾವ ಮಣ್ಣು ಮಳೆಗೆ ಬೂಟು ನುಂಗುತ್ತದೆ, ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂದು ಬಲ್ಲವನು. ಅವನು ಮೈಲ್ಸ್ ಸಿಟಿಯಲ್ಲಿ ಫೋನು ಕವುಚಿ ಹಾಕಿಕೊಂಡು ಕೂತಿದ್ದಾನೆ. ಡ್ವೈಟ್ ಬರುತ್ತೇನೆ ಎನ್ನುತ್ತಾನೆ. ಅವನು ಕೆಮ್ಮಿದರೆ ಕೆನಡಾದ ಟಗರೂ ಓಡೀತು.

ಮೈ ಜೋಪಾನ. ಬೆಣ್ಣೆ ಕಡಿಮೆ ಮಾಡು. ದೇವರು ನಿನ್ನನ್ನೂ ನಿನ್ನ ಮೊಣಕಾಲನ್ನೂ ಚೆನ್ನಾಗಿಟ್ಟಿರಲಿ, ಮೊಂಡುತನವನ್ನು ಸ್ವಲ್ಪ ಇಳಿಸಲಿ.

ನಿನ್ನ ಅಕ್ಕ,
ಆರ್ಲಿಸ್

ಮತ್ತೆ:

ಭುಜಕ್ಕೆ ಏನೂ ಆಗಿಲ್ಲ. ಕಣ್ಣು. ಎಡಗಣ್ಣು ಆ ಮುಳ್ಳುತಂತಿ ಸಿಡಿದಂದಿನಿಂದ ಬೆಳಕು ಕತ್ತಲೆಗಷ್ಟೇ ಎಂದು ನೀನು ಬಲ್ಲೆ. ಏಪ್ರಿಲಿನಲ್ಲಿ ಬಲಗಣ್ಣಿನ ಹಿಂದಿನ ಪೊರೆ ಬಿಟ್ಟುಕೊಂಡಿತು. ಬಿಲ್ಲಿಂಗ್ಸಿನ ಡಾಕ್ಟರು ಅಂಟಿಸಿದ್ದಾರೆ. ಪರವಾನಗಿ ಬಂದ ವಾರ ಹೋಗಿ ಕೇಳಿದೆ. "ಕೋವಿ ಬೇಡ. ಒಂದು ಒದೆತ ಸಾಕು, ಪೊರೆ ಮತ್ತೆ ಬಿಟ್ಟು ಕಣ್ಣಿಗೆ ಕತ್ತಲೆಯ ಪರದೆ ಇಳಿಯುತ್ತೆ. ಎಷ್ಟು ಮೆತ್ತಗಿದ್ರೆ ಪರವಾಗಿಲ್ಲ ಅಂತ ನನ್ನ ಕೇಳ್ಬೇಡಿ, ನಾನು ಹೇಳಲಾರೆ" ಎಂದರು. ಜೋಲೀನಳಿಗೆ ಕಣ್ಣಿಗೆ ಬರೀ ಹೊಸ ಕನ್ನಡಕ ಎಂದಿದ್ದೇನೆ.

ಶನಿವಾರ ಕುಣಿದು ಮುಗಿಸಿ ಟ್ರಕ್ಕಿನಲ್ಲಿ ಕೂತೆ. ಎಡಗಣ್ಣು ಮುಚ್ಚಿಕೊಂಡು ಆಚೆಯ ಬೇಲಿಯ ಕಂಬಗಳನ್ನು ನೋಡುತ್ತ ಪರದೆ ಇಳಿಯುತ್ತದೆಯೇ ಎಂದು ಕಾದೆ. ಇಳಿಯಲಿಲ್ಲ. ಕಂಬಗಳು ಇದ್ದಲ್ಲೇ ಇದ್ದವು.

ಬೆಟ್ಟದ ಮೇಲೆ ಆ ಪರದೆ ಇಳಿದರೆ, ಅಳದೆ, ಬೈಯದೆ, ತನ್ನ ಕೋಟು ಹಿಡಿಸಿಕೊಂಡು ನನ್ನನ್ನು ಟ್ರಕ್ಕಿನವರೆಗೆ ಇಳಿಸುವವನು ಬೇಕು. ಹೋಗಲೇಬೇಡ ಎನ್ನುವುದಾದರೂ ನೀನೇ ಹೇಳಬೇಕು. ಬೇರೆ ಯಾರು ಹೇಳಿದರೂ ನಾನು ಕೇಳುವವಳಲ್ಲ.

ಆಗಸ್ಟ್ ಹತ್ತರೊಳಗೆ ನಿನ್ನ ಕೈಬರಹದಲ್ಲಿ ಉತ್ತರ ಬರಬೇಕು.