ಬದಲಿ ಪುಸ್ತಕದ ನಾಲ್ಕನೇ ಅಂಕಣ

ಕಟ್ಟೆ ವರ್ಷ ೧೧೨, ಹದಿಮೂರನೇ ತಿಂಗಳು, ಮೂವತ್ತೆರಡನೇ ದಿನ
ಏಳನೇ ಕಾವಲು ಗೋಪುರ, ಕೃಷ್ಣಾ ಜಲಾಶಯ

ನಮಗಿಂತ ಬಹಳ ಹಿಂದೆ ಬದುಕುತ್ತಿರುವವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು. ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ತಿದ್ದಿ ಬರೆಯಲು ಸಮಯವಿಲ್ಲ. ಸಂಜೆಯ ದೋಣಿ ಬರುವಷ್ಟರಲ್ಲಿ ಮುಗಿಸಬೇಕು.

ನಾನು ನೀರುಗಾವಲು ಪಡೆಯ ನಂಬಿಕೆಪಾಲಕ. ನಿಮ್ಮ ಸೇನೆಯಲ್ಲಿ ಪಂಡಿತರು, ಮೌಲ್ವಿಗಳು, ಪಾದ್ರಿಗಳು, ಸಿಖ್ಖರ ಗ್ರಂಥಿಗಳು ಬೇರೆ ಬೇರೆ ಇದ್ದರಂತೆ. ನಮ್ಮಲ್ಲಿ ಗೋಪುರಕ್ಕೆ ಒಬ್ಬನೇ. ಹುಟ್ಟಿನಿಂದ ನಾನು ಜೈನ. ಆದರೂ ಸತ್ತವರಿಗಾಗಿ ಮಾಡುವ ನಮಾಜು, ಶಿಲುಬೆಯ ಮುಂದಿನ ಪ್ರಾರ್ಥನೆ, ವಿಭೂತಿ ಇಡುವ ಕ್ರಮ ಎಲ್ಲವನ್ನೂ ಕಲಿತು ಪರೀಕ್ಷೆ ಪಾಸಾಗಿದ್ದೇನೆ. ಪಡೆಗೆ ಸೇರಿದವರು ಮನೆಯ ಹೆಸರು ಬಿಟ್ಟು ಯಾವುದಾದರೊಂದು ಹೊಳೆಯ ಹೆಸರು ಇಟ್ಟುಕೊಳ್ಳುತ್ತಾರೆ. ಹೆಸರು ಕೇಳಿ ಯಾರೂ ಯಾರ ಧರ್ಮವನ್ನೂ ಊಹಿಸಬಾರದೆಂದು ಹಿರಿಯರು ಮಾಡಿದ ವ್ಯವಸ್ಥೆ ಅದು. ಕಡತಗಳಲ್ಲೂ ಧರ್ಮದ ಕಲಂ ಇಲ್ಲ.

ಇರುವುದು ಬದಲಿ ಪುಸ್ತಕದಲ್ಲಿ ಮಾತ್ರ. ಹಬ್ಬಕ್ಕೋ ಉಪವಾಸಕ್ಕೋ ಒಬ್ಬರ ಪಾಳಿಯನ್ನು ಇನ್ನೊಬ್ಬರು ಮಾಡುವುದು ನಮ್ಮ ರೂಢಿ. ಮೊದಲು ಇದು ಮೇಲಧಿಕಾರಿಯ ಮರ್ಜಿಯಲ್ಲಿತ್ತು. ಪ್ರಾರ್ಥನೆಗೆಂದು ಕಾಲು ಗಂಟೆ ಹೋದವಳೊಬ್ಬಳನ್ನು ಪಾಳಿ ತಪ್ಪಿಸಿದಳೆಂದು ಪಡೆಯಿಂದ ತೆಗೆದರು. ಆಮೇಲೆ ಹೋರಾಡಿ ಈ ಪುಸ್ತಕವನ್ನು ಪಡೆದುಕೊಂಡೆವು. ದಿನ, ಹೆಸರು, ಬದಲಿಯವರು, ಕಾರಣ ಎಂದು ನಾಲ್ಕು ಅಂಕಣ. ಕೊಟ್ಟ ಹಕ್ಕನ್ನು ನಾಳೆ ಯಾರೂ ಇಲ್ಲವೆನ್ನಬಾರದೆಂದು ಅಳಿಯದ ಹಾಳೆಯನ್ನೇ ಕೇಳಿ ತರಿಸಿಕೊಂಡೆವು. ಅದು ಹರಿಯುವುದಿಲ್ಲ, ಸುಡುವುದಿಲ್ಲ, ಬರೆದದ್ದು ಹೋಗುವುದಿಲ್ಲ. ಅರವತ್ತೊಂದು ವರ್ಷ ಅದು ನಮ್ಮ ಹೆಮ್ಮೆಯಾಗಿತ್ತು.

ಹೋದ ತಿಂಗಳು ಆರನೇ ಗೋಪುರದ ಪುಸ್ತಕವನ್ನು ಪಡೆಯ ಕೇಂದ್ರ ಕಚೇರಿ ತರಿಸಿಕೊಂಡಿತು. ನಾಲ್ಕು ದಿನಗಳ ನಂತರ ಅಲ್ಲಿಂದ ಹತ್ತೊಂಬತ್ತು ಜನರನ್ನು ವರ್ಗ ಮಾಡಿದರು. ಎಲ್ಲಿಗೆಂದು ಆದೇಶದಲ್ಲಿ ಇಲ್ಲ. ಹತ್ತೊಂಬತ್ತೂ ಜನರ ಹೆಸರಿನ ಮುಂದೆ ನಾಲ್ಕನೇ ಅಂಕಣದಲ್ಲಿ ರಂಜಾನ್ ಉಪವಾಸ ಎಂದಿತ್ತು. ನಾನು ಬರೆದ ಪತ್ರಗಳಿಗೆ ಉತ್ತರ ಬಂದಿಲ್ಲ. ಇವತ್ತು ನಮ್ಮ ಸರದಿ, ಸಂಜೆಯ ದೋಣಿಯಲ್ಲಿ ಪುಸ್ತಕಕ್ಕೆ ಬರುತ್ತಾರೆ. ಪುಸ್ತಕ ಕೊಡದಿದ್ದರೆ ಗೋಪುರದ ನಲವತ್ತೂ ಜನರನ್ನು ಒಯ್ಯುತ್ತಾರೆ.

ನಮ್ಮಲ್ಲಿ ಆ ಉಪವಾಸ ಮಾಡುವವನು ಒಬ್ಬನೇ, ತೂಬು ಕಾಯುವ ತುಪ್ಪರಿ. ಹನ್ನೊಂದು ವರ್ಷದಿಂದ ರಂಜಾನಿನ ಮಧ್ಯಾಹ್ನಗಳಲ್ಲಿ ಅವನ ಪಾಳಿಯನ್ನು ಹಗರಿ ಮಾಡಿದ್ದಾನೆ. ಬಸವ ಜಯಂತಿಗೆ, ಶಿವರಾತ್ರಿಗೆ ಹಗರಿಯ ಪಾಳಿ ತುಪ್ಪರಿಯದು. ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡು ಪುಟ ತಿರುವಿ ಎಣಿಸಿದೆ. ಮುನ್ನೂರ ಇಪ್ಪತ್ತೆರಡು ಸಾಲು. ಎಲ್ಲವೂ ನನ್ನದೇ ಕೈಬರಹ.

"ಅಷ್ಟ ಸರ್ತಿ ನಮ್ಮವ್ವನೂ ನನ್ನ ಹೆಸರ ಕರದಿಲ್ರಿ ಗುರುಗಳ," ಎಂದು ತುಪ್ಪರಿ ನಗಲು ನೋಡಿದ. ಅವನ ತುಟಿ ಒಣಗಿತ್ತು.

"ಅದ ಸಾಲಿನಾಗ ನನ್ನ ಹೆಸರೂ ಐತಲೇ," ಎಂದ ಹಗರಿ. "ಹನ್ನೊಂದ ವರ್ಷ ನಿನ್ನ ಪಾಲಿನ ಬಿಸಿಲ ತಿಂದೀನಿ. ಈಗ ಹೇಳದ ಕೇಳದ ಒಬ್ಬನ ಹೊಂಟೆಯೇನ?"

ತುಪ್ಪರಿ ನನ್ನ ಕಡೆ ತಿರುಗಿದ. "ನೀವು ಹಕ್ಕಿಗಂತ ಬರದ್ರಿ. ಬ್ಯಾರೇದಕ್ಕಲ್ಲ," ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಪುಸ್ತಕದಲ್ಲಿ ಅಳಿಸಲು ಬಾರದು, ಸೇರಿಸಲು ಬರುತ್ತದೆ. ಪ್ರತಿ ಸಾಲಿನಲ್ಲಿ ತುಪ್ಪರಿಯ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆಯುತ್ತ ಬಂದೆ. ನಾಲ್ಕನೇ ಅಂಕಣದ ಕಾರಣ ಈಗ ಇಬ್ಬರಿಗೂ ಅದೇ. ನೂರಾ ನಲವತ್ತು ಸಾಲು ದಾಟುವಾಗ ಬೆರಳು ಮರಗಟ್ಟಿತು. ಹಗರಿ ಲೇಖನಿ ಕಸಿದುಕೊಂಡು ತನ್ನ ಹೆಸರು ಬರೆಯತೊಡಗಿದ. ಈಗ ಬಾಗಿಲ ಹೊರಗೆ ಆರು ಜನ ತಮ್ಮ ಹೆಸರೂ ಬರೆಯಲು ನಿಂತಿದ್ದಾರೆ. ಉಳಿದವರು ಕೆಳಗೇ ಇದ್ದಾರೆ. ಅವರಿಗೆ ಮಕ್ಕಳಿದ್ದಾರೆ, ನಾನು ಕರೆದಿಲ್ಲ. ಇದರಿಂದ ತುಪ್ಪರಿ ಉಳಿಯುತ್ತಾನೋ, ಒಬ್ಬನ ಬದಲು ಒಂಬತ್ತು ಜನ ಹೋಗುತ್ತೇವೋ ನನಗೆ ಗೊತ್ತಿಲ್ಲ.

ನಿಮ್ಮಲ್ಲಿ ಈ ಹೊತ್ತಿಗೆ ಯಾರೋ, ಸೇನೆಯಲ್ಲೋ ಆಸ್ಪತ್ರೆಯಲ್ಲೋ ಶಾಲೆಯಲ್ಲೋ, ಒಳ್ಳೆಯ ಮನಸ್ಸಿನಿಂದಲೇ ಇಂಥ ಪುಸ್ತಕಕ್ಕೆ ಗೆರೆ ಎಳೆಯುತ್ತಿರಬಹುದು. ಎಳೆಯಿರಿ, ನಿಲ್ಲಿಸಬೇಡಿ. ದಿನ ಬರೆಯಿರಿ, ಹೆಸರು ಬರೆಯಿರಿ, ಬದಲಿಯವರನ್ನು ಬರೆಯಿರಿ. ಒಬ್ಬ ಮನುಷ್ಯ ಒಂದು ಗಂಟೆ ಕೇಳಿದರೆ ಅದು ಅವನಿಗೆ ಸಿಗಲೇಬೇಕು. ಆದರೆ ಅಷ್ಟಕ್ಕೇ ಗೆರೆ ಮುಗಿಸಿ. ಕಾರಣಕ್ಕೆ ಜಾಗ ಬಿಡಬೇಡಿ.

ದೋಣಿಯ ಇಂಜಿನ್ ಸದ್ದು ಕೇಳಿಸುತ್ತಿದೆ. ಇನ್ನೂ ಎಪ್ಪತ್ತು ಸಾಲು ಬಾಕಿ ಇವೆ.

ಹಿರಣ್ಯಕೇಶಿ
ನಂಬಿಕೆಪಾಲಕ